ಸಿಜರ್ ಲಿಫ್ಟ್ ಅರ್ಧಕ್ಕೆ ನಿಂತರೆ: ಜಂಪರ್ ವಾಯರ್ ಹಾಕುವ ಮುನ್ನ ಯಾವುದನ್ನು, ಯಾವ ಕ್ರಮದಲ್ಲಿ ನೋಡಬೇಕು

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಎಲ್ಲಿಯ ಶೆಡ್ಡಿಗೆ ಹೋದರೂ ಕೇಳಿಬರುವ ದೂರು ಒಂದೇ: "ಲಿಫ್ಟ್ ಅರ್ಧಕ್ಕ ನಿಂತೈತ್ರಿ, ಮ್ಯಾಲ ಹೋಗವಲ್ದು." ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಆ ಸ್ವಿಚ್ಚಿಗೆ ವಾಯರ್ ಜೋಡಿಸಿ ಬಿಡ್ರಿ, ಇವತ್ತಿನ ಕೆಲಸ ಮುಗೀಲಿ." ಸುರಕ್ಷತೆಯ ಸ್ವಿಚ್ಚನ್ನು ದಾಟಿಸಿ ಕರೆಂಟ್ ಹರಿಸುವ ಈ ವಾಯರೇ ಜಂಪರ್. ಈ ಎರಡು ಮಾತುಗಳ ನಡುವೆ ಮಾಡಬೇಕಾದ ಕೆಲಸವನ್ನು ಇಲ್ಲಿ ಕ್ರಮವಾಗಿ ಬರೆದಿದೆ.

ಸಿಜರ್ ಲಿಫ್ಟ್ ಎಂದರೆ ಕತ್ತರಿಯಂತೆ ಮಡಚುವ ತೋಳುಗಳ ಮೇಲೆ ಜನರಿರುವ ಪ್ಲಾಟ್‌ಫಾರ್ಮನ್ನು ಎತ್ತುವ ಯಂತ್ರ. ಆ ತೋಳುಗಳನ್ನೇ ಇಲ್ಲಿ ಕತ್ತರಿ ಎಂದಿದೆ. ಈ ಕ್ರಮ 6 ವೋಲ್ಟಿನ ನಾಲ್ಕು ಬ್ಯಾಟರಿ ಸೇರಿ 24 ವೋಲ್ಟ್ ಕೊಡುವ, ಗಟ್ಟಿ ನೆಲದ ಮೇಲೆ ಓಡುವ ಎಲೆಕ್ಟ್ರಿಕ್ ಸಿಜರ್ ಲಿಫ್ಟುಗಳಿಗೆ ಅನ್ವಯಿಸುತ್ತದೆ. ವಾಯರಿನ ಬಣ್ಣ, ಫಾಲ್ಟ್ ಕೋಡು, ಸೆನ್ಸರಿನ ಮಿತಿ ಮಾದರಿಯಿಂದ ಮಾದರಿಗೆ ಬದಲಾಗುತ್ತವೆ. ಆದ್ದರಿಂದ ಪ್ಲಾಟ್‌ಫಾರ್ಮಿನ ರೇಲಿಂಗಿಗೆ ಕಟ್ಟಿದ ಡಬ್ಬಿಯಲ್ಲಿರುವ ಕೈಪಿಡಿಯನ್ನು ಮೊದಲು ಹೊರತೆಗೆಯಿರಿ. ಡಬ್ಬಿ ಖಾಲಿಯಿದ್ದರೆ ನಾಮಫಲಕದ ಮಾದರಿ ಸಂಖ್ಯೆ, ಸೀರಿಯಲ್ ನಂಬರು ಕೊಟ್ಟು ತರಿಸಿಕೊಳ್ಳಿ. ಇಲ್ಲಿಯ ಅಂಕಿಗೂ ಕೈಪಿಡಿಯ ಅಂಕಿಗೂ ವ್ಯತ್ಯಾಸ ಬಂದರೆ ಕೈಪಿಡಿಯದ್ದೇ ಸರಿ.

ಹಂತ 1: ಮೇಲಿರುವವರನ್ನು ಇಳಿಸಿ, ಯಂತ್ರವನ್ನು ಭದ್ರ ಮಾಡಿ

ಯಂತ್ರ ಮೇಲೆ ನಿಂತಿದ್ದರೆ ಮೊದಲು ಕತ್ತೆತ್ತಿ ನೋಡಿ. ರೇಲಿಂಗ್ ಯಾವುದಾದರೂ ಟ್ರಸ್ಸಿಗೆ, ಡಕ್ಟಿಗೆ, ಕೇಬಲ್ ಟ್ರೇಗೆ ಸಿಕ್ಕಿಕೊಂಡಿದೆಯೇ? ಸಿಕ್ಕಿಕೊಂಡಿದ್ದರೆ ಯಾವ ಬಟನ್ನನ್ನೂ ಒತ್ತಬೇಡಿ. ಜನರನ್ನು ಬೇರೆ ದಾರಿಯಿಂದ ಇಳಿಸಿದ ಮೇಲೆಯೇ ಯಂತ್ರ ಮುಟ್ಟಿ. ಸಿಕ್ಕಿಕೊಂಡ ಪ್ಲಾಟ್‌ಫಾರ್ಮ್ ಬಿಡಿಸಿಕೊಂಡಾಗ ಜಿಗಿಯುತ್ತದೆ.

ಏನೂ ತಾಗಿಲ್ಲವೆಂದಾದರೆ ಕೆಳಗಿನ ಕಂಟ್ರೋಲಿನ ಕೀಯನ್ನು ಗ್ರೌಂಡ್ ಕಡೆ ತಿರುಗಿಸಿ ಇಳಿಸಿ ನೋಡಿ. ಅದೂ ಕೆಲಸ ಮಾಡದಿದ್ದರೆ ಚಾಸಿಯ ಮೇಲೆ ತುರ್ತು ಇಳಿಕೆಯ ಗುಬುಟು ಅಥವಾ ಎಳೆಯುವ ಕೇಬಲ್ ಇರುತ್ತದೆ. ಅದನ್ನು ಎಳೆದರೆ ಲಿಫ್ಟ್ ಸಿಲಿಂಡರಿನ ವಾಲ್ವ್ ತೆರೆದು ಪ್ಲಾಟ್‌ಫಾರ್ಮ್ ತನ್ನ ಭಾರಕ್ಕೇ ಇಳಿಯುತ್ತದೆ. ಎಳೆಯುವ ಮುನ್ನ ಕತ್ತರಿಯ ನಡುವೆ ಯಾರ ಕೈಯೂ ಇಲ್ಲ, ಕೆಳಗೆ ಯಾವ ಸಾಮಾನೂ ಇಲ್ಲ ಎಂದು ಯಂತ್ರದ ಸುತ್ತ ಒಂದು ಸುತ್ತು ಬಂದು ಖಾತ್ರಿ ಮಾಡಿಕೊಳ್ಳಿ.

ಕತ್ತರಿಯ ಕೆಳಗೆ ಕೈ ಹಾಕಬೇಕಾದ ಕೆಲಸವಿದ್ದರೆ ಕ್ರಮ ಹೀಗೆ:

1. ಪ್ಲಾಟ್‌ಫಾರ್ಮ್ ಪೂರ್ತಿ ಖಾಲಿ ಮಾಡಿ. ಯಂತ್ರ ಮಟ್ಟಸ ನೆಲದ ಮೇಲಿರಲಿ, ಗಾಲಿಗಳಿಗೆ ಎರಡೂ ಕಡೆ ಅಡ್ಡಿ ಕೊಡಿ.
2. ಕೆಳಗಿನ ಕಂಟ್ರೋಲಿನಿಂದ ಸೇಫ್ಟಿ ಆರ್ಮ್ (ಕತ್ತರಿ ಕುಸಿಯದಂತೆ ತಡೆಯುವ ಆಸರೆ) ಹಾಕುವಷ್ಟು, ಸುಮಾರು 2.5 ಮೀಟರ್, ಎತ್ತಿ.
3. ಸೇಫ್ಟಿ ಆರ್ಮನ್ನು ಅದರ ಜಾಗಕ್ಕೆ ತಿರುಗಿಸಿ, ಕತ್ತರಿ ಅದರ ಮೇಲೆ ಪೂರ್ತಿ ಕೂರುವವರೆಗೆ ಮೆಲ್ಲಗೆ ಇಳಿಸಿ.
4. ಕೀ ತೆಗೆದು ಜೇಬಿಗೆ ಹಾಕಿ, ಕೆಂಪು ಬಟನ್ (ತುರ್ತು ನಿಲುಗಡೆಯದು) ಒತ್ತಿ, ಬ್ಯಾಟರಿಯ ಪ್ಲಗ್ ಕಳಚಿ. ಅಳತೆಗಾಗಿ ಕರೆಂಟ್ ಬೇಕಾದಾಗ ಮಾತ್ರ ಪ್ಲಗ್ ಮತ್ತೆ ಸೇರಿಸಿ. ಆಗ ದೇಹದ ಯಾವ ಭಾಗವೂ ಕತ್ತರಿಯೊಳಗೆ ಇರಬಾರದು.

ಯಂತ್ರ ತಾನಾಗಿ ಏಳುತ್ತಲೇ ಇಲ್ಲವೆಂದು ಫೋರ್ಕ್‌ಲಿಫ್ಟಿನ ಕೊಂಬಿನಿಂದ ಪ್ಲಾಟ್‌ಫಾರ್ಮ್ ಎತ್ತಿಸಿ ಕೆಳಗೆ ನುಸುಳುವುದು ನಮ್ಮ ಕಡೆ ನಡೆಯುತ್ತದೆ. ಇದನ್ನು ಮಾಡಲೇಬೇಡಿ. ಬ್ಯಾಟರಿ, ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟ್ ಬಿಡುವ ದೊಡ್ಡ ರಿಲೇ), ಪಂಪಿನ ಮೋಟರ್ ಇರುವ ಟ್ರೇಗಳು ಎರಡೂ ಬದಿಗೆ ತೆರೆದುಕೊಳ್ಳುತ್ತವೆ. ಬಹಳಷ್ಟು ಫಾಲ್ಟುಗಳು ಅಲ್ಲಿಯೇ ಸಿಗುತ್ತವೆ.

ಹಂತ 2: ಸಲಕರಣೆ

ಡಿಜಿಟಲ್ ಮಲ್ಟಿಮೀಟರ್, ಹೈಡ್ರೋಮೀಟರ್ (ಬ್ಯಾಟರಿ ಆಸಿಡ್ಡಿನ ಸಾಂದ್ರತೆ ಅಳೆಯುವುದು), 60 ಸೆಂಟಿಮೀಟರಿನ ಸ್ಪಿರಿಟ್ ಲೆವೆಲ್, 25, 50 ಮತ್ತು 75 ಮಿಲಿಮೀಟರ್ ದಪ್ಪದ ಗಟ್ಟಿ ಹಲಗೆಗಳು, ಗಾಲಿಯ ಅಡ್ಡಿ, ಕಾಂಟ್ಯಾಕ್ಟ್ ಕ್ಲೀನರ್, ಡಿಸ್ಟಿಲ್ಡ್ ವಾಟರ್ 2 ಲೀಟರ್, ಅಡುಗೆ ಸೋಡಾ ಒಂದು ಪೊಟ್ಟಣ, ಕನ್ನಡಕ, ರಬ್ಬರ್ ಕೈಗವಸು, ಸೀಮೆಸುಣ್ಣ. ಬ್ಯಾಟರಿಗೆ ಬಳಸುವ ಪಾನಾದ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿರಬೇಕು. ಉಂಗುರ, ಕೈಗಡಿಯಾರ ತೆಗೆದಿಡಿ.

ಲಾರಿಯ ಬಲ್ಬಿನಿಂದ ಮಾಡಿದ ಟೆಸ್ಟ್ ಲ್ಯಾಂಪನ್ನು ಕಂಟ್ರೋಲ್ ವಾಯರುಗಳಿಗೆ ತಾಗಿಸಬೇಡಿ. 21 ವಾಟಿನ ಬಲ್ಬ್ 24 ವೋಲ್ಟಿನಲ್ಲಿ ಸುಮಾರು 0.9 ಆಂಪ್ ಎಳೆಯುತ್ತದೆ. ಸೆನ್ಸರ್ ಲೈನಿಗೆ ಅಷ್ಟು ತಡೆಯುವ ಶಕ್ತಿ ಇರುವುದಿಲ್ಲ, ಕಂಟ್ರೋಲ್ ಕಾರ್ಡ್ ಸುಟ್ಟುಹೋಗುತ್ತದೆ. ಒಂದು ಸಣ್ಣ ಫಾಲ್ಟ್ ದೊಡ್ಡ ಬಿಲ್ ಆಗುವುದು ಹೆಚ್ಚಾಗಿ ಇಲ್ಲಿಂದಲೇ.

ಹಂತ 3: ಏನು ನಡೆಯುತ್ತದೆ, ಏನು ನಡೆಯುವುದಿಲ್ಲ, ಬರೆದುಕೊಳ್ಳಿ

ಆಪರೇಟರ್ "ನಡೀವಲ್ದು" ಎಂದಷ್ಟೇ ಹೇಳುತ್ತಾರೆ. ನೀವು ಕೆಳಗಿನ ಕಂಟ್ರೋಲಿನಿಂದ ಏರಿಸಿ, ಇಳಿಸಿ, ಆಮೇಲೆ ಮೇಲಿನ ಬಾಕ್ಸಿನಿಂದ ಏರಿಸಿ, ಇಳಿಸಿ, ಓಡಿಸಿ, ತಿರುಗಿಸಿ ನೋಡಿ. ಫಲವನ್ನು ಬರೆದಿಟ್ಟುಕೊಂಡರೆ ಅರ್ಧ ದಾರಿ ಸವೆಯಿತು.

ಎರಡೂ ಕಡೆಯಿಂದ ಯಂತ್ರ ಸತ್ತಂತಿದ್ದರೆ ಬ್ಯಾಟರಿ, ಫ್ಯೂಸ್, ಕೀ, ಕೆಂಪು ಬಟನ್ ಅಥವಾ ಕಾಂಟ್ಯಾಕ್ಟರ್. ಕೆಳಗಿನಿಂದ ಏರಿ, ಮೇಲಿನ ಬಾಕ್ಸಿನಿಂದ ಏರದಿದ್ದರೆ ಬಾಕ್ಸಿನ ಪ್ಲಗ್, ಅದರ ಕೇಬಲ್, ಅಲ್ಲಿಯ ಕೆಂಪು ಬಟನ್ ಅಥವಾ ಜಾಯ್‌ಸ್ಟಿಕ್ಕಿನ ಟ್ರಿಗರ್ (ಬೆರಳಿನಿಂದ ಒತ್ತಿ ಹಿಡಿಯುವ ಸ್ವಿಚ್). ಕೆಳಗಿದ್ದಾಗ ಚೆನ್ನಾಗಿ ಓಡಿ, ಮೇಲೆದ್ದ ಕೂಡಲೇ ಓಡದಿದ್ದರೆ ಪಾಟ್‌ಹೋಲ್ ಗಾರ್ಡ್ (ಗಾಲಿ ಕುಣಿಗೆ ಬಿದ್ದರೆ ಆಸರೆಯಾಗುವ ಪಟ್ಟಿ) ಅಥವಾ ಟಿಲ್ಟ್ (ಯಂತ್ರ ವಾಲಿದ್ದನ್ನು ಹೇಳುವ ಸೆನ್ಸರ್). ಖಾಲಿ ಏರಿ, ಇಬ್ಬರು ಹತ್ತಿದರೆ ಏರದಿದ್ದರೆ ಓವರ್‌ಲೋಡ್ ಅಥವಾ ಸೋತ ಬ್ಯಾಟರಿ. ಪೂರ್ತಿ ಇಳಿಸಿದ ಮೇಲೂ ಆಮೆಯಂತೆ ಓಡುತ್ತಿದ್ದರೆ ಕೆಳ ಲಿಮಿಟ್ ಸ್ವಿಚ್ "ಇನ್ನೂ ಮೇಲಿದ್ದೇನೆ" ಎಂದು ಸುಳ್ಳು ಹೇಳುತ್ತಿದೆ.

ಒಂದು ಸಂಗತಿ ಮಾತ್ರ ಫಾಲ್ಟೇ ಅಲ್ಲ. ಕೆಲವು ಮಾದರಿಗಳು ಇಳಿಯುವಾಗ ಸುಮಾರು 2 ಮೀಟರ್ ಎತ್ತರದಲ್ಲಿ ತಾವಾಗಿಯೇ ನಿಲ್ಲುತ್ತವೆ. ಕತ್ತರಿಯೊಳಗೆ ಯಾರದ್ದಾದರೂ ಕೈ ಇದ್ದರೆ ತೆಗೆಯಲಿ ಎಂದು ಕೊಟ್ಟ ಸಮಯ ಅದು. ಸ್ವಿಚ್ ಬಿಟ್ಟು, ಕೆಲವು ಸೆಕೆಂಡ್ ತಡೆದು, ಮತ್ತೆ ಒತ್ತಿದರೆ ಇಳಿಯುತ್ತದೆ. ಇದಕ್ಕಾಗಿ ವಾಲ್ವ್ ಬಿಚ್ಚಿದವರಿದ್ದಾರೆ.

ಹಂತ 4: ಬ್ಯಾಟರಿ. ಇದನ್ನು ಮುಗಿಸದೆ ಮುಂದೆ ಹೋಗಬೇಡಿ

ವೋಲ್ಟೇಜ್ ಕುಸಿದಾಗ ಕಂಟ್ರೋಲ್ ಕಾರ್ಡ್ ಇಲ್ಲಸಲ್ಲದ ಕೋಡುಗಳನ್ನೆಲ್ಲ ತೋರಿಸುತ್ತದೆ. ಆ ಕೋಡಿನ ಬೆನ್ನು ಹತ್ತಿ ಸೆನ್ಸರ್ ಬದಲಿಸಿದರೂ ಮರುದಿನ ಅದೇ ಕಥೆ.

ಚಾರ್ಜ್ ಮುಗಿದು ಕನಿಷ್ಠ ಮೂರು ನಾಲ್ಕು ತಾಸು ಕಳೆದ ಮೇಲೆ ಪ್ರತಿ ಬ್ಯಾಟರಿಯನ್ನು ಬೇರೆ ಬೇರೆಯಾಗಿ ಅಳೆಯಿರಿ. 6.3 ವೋಲ್ಟಿಗಿಂತ ಹೆಚ್ಚಿದ್ದರೆ ತುಂಬಿದೆ, 6.1ರ ಹತ್ತಿರ ಅರ್ಧ, 5.8ಕ್ಕೆ ಬಂದರೆ ಬರಿದು. ನಾಲ್ಕೂ ಸೇರಿ ತುಂಬಿದ ಸೆಟ್ 25.2 ವೋಲ್ಟ್ ದಾಟಿರಬೇಕು. ಆದರೆ ಸುಮ್ಮನೆ ನಿಂತ ಬ್ಯಾಟರಿಯ ವೋಲ್ಟೇಜ್ ನಂಬುವಂಥದ್ದಲ್ಲ. ಮೀಟರಿನ ಕ್ಲಿಪ್ಪುಗಳನ್ನು ಟರ್ಮಿನಲ್ಲಿಗೆ ಸಿಕ್ಕಿಸಿ, ಪ್ಲಾಟ್‌ಫಾರ್ಮಿನ ಮೇಲೆ ಮಿತಿಯೊಳಗಿನ ಭಾರವಿಟ್ಟು, ಕೆಳಗಿನ ಕಂಟ್ರೋಲಿನಿಂದ ಏರಿಸಿ. ಏರುವಾಗ ಸೆಟ್ 22 ವೋಲ್ಟಿಗಿಂತ ಕೆಳಗೆ ಬೀಳುತ್ತಿದ್ದರೆ ತೊಂದರೆಯಿದೆ. ಆಗ ಒಂದೊಂದೇ ಬ್ಯಾಟರಿಗೆ ಕ್ಲಿಪ್ ಹಾಕಿ ಮತ್ತೆ ಏರಿಸಿ. ಮೂರು ಬ್ಯಾಟರಿ 5.8ರಲ್ಲಿ ನಿಂತು ನಾಲ್ಕನೆಯದು 4.5ಕ್ಕೆ ಕುಸಿದರೆ ಕಳ್ಳ ಸಿಕ್ಕಂತೆಯೇ.

ಹೈಡ್ರೋಮೀಟರ್ ಇನ್ನೂ ನಿಖರ. ಪೂರ್ತಿ ಚಾರ್ಜಾದ ಸೆಲ್ಲು 1.265 ರಿಂದ 1.280 ತೋರಿಸಬೇಕು. ಒಟ್ಟು ಹನ್ನೆರಡು ಸೆಲ್ಲುಗಳ ಅಂಕಿಯನ್ನೂ ಬರೆದುಕೊಳ್ಳಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳ ನಡುವೆ 0.050 ಅಂತರ ಬಂದರೆ ಆ ಕಡಿಮೆಯ ಸೆಲ್ಲು ಸತ್ತಿದೆ. ಆಸಿಡ್ ಬಿಸಿಯಾದಷ್ಟೂ ಅಂಕಿ ಕಡಿಮೆ ತೋರುತ್ತದೆ. ನಮ್ಮ ಏಪ್ರಿಲ್ ತಿಂಗಳ ತಗಡಿನ ಶೆಡ್ಡಿನಲ್ಲಿ ಆಸಿಡ್ 38 ಡಿಗ್ರಿಯಿದ್ದರೆ ಓದಿದ್ದಕ್ಕೆ 0.008 ಕೂಡಿಸಿ, ಆಮೇಲೆ ತೀರ್ಮಾನಿಸಿ.

ನೀರು ಹಾಕುವುದರಲ್ಲಿ ಆಗುವ ತಪ್ಪು ಒಂದೇ: ಚಾರ್ಜಿಗೆ ಮೊದಲೇ ಕಂಠಮಟ್ಟ ತುಂಬುವುದು. ಚಾರ್ಜಾಗುವಾಗ ಆಸಿಡ್ ಉಬ್ಬಿ ಹೊರಚೆಲ್ಲುತ್ತದೆ, ಟ್ರೇ ತುಕ್ಕು ಹಿಡಿಯುತ್ತದೆ, ಪಕ್ಕದ ವಾಯರ್ ತಿಂದುಹೋಗುತ್ತದೆ. ಪ್ಲೇಟುಗಳು ಬರಿದಾಗಿ ಕಂಡರೆ ಮಾತ್ರ ಚಾರ್ಜಿಗೆ ಮುನ್ನ ಅವು ಮುಳುಗುವಷ್ಟು ಹಾಕಿ. ಉಳಿದದ್ದನ್ನು ಚಾರ್ಜ್ ಮುಗಿದ ಮೇಲೆ, ಮುಚ್ಚಳದ ಕೊಳವೆಗಿಂತ ತುಸು ಕೆಳಗಿನವರೆಗೆ ತುಂಬಿ. ಬೋರಿನ ನೀರು ಬೇಡವೇ ಬೇಡ. ಟರ್ಮಿನಲ್ಲಿನ ಮೇಲೆ ಬೆಳೆದ ಹಸಿರು, ಬಿಳಿ ಪುಡಿಗೆ ನೀರಲ್ಲಿ ಕಲಸಿದ ಅಡುಗೆ ಸೋಡಾ ಹಚ್ಚಿ, ನೊರೆ ನಿಂತ ಮೇಲೆ ಒರೆಸಿ. ಸೋಡಾ ಸೆಲ್ಲಿನೊಳಗೆ ಹನಿಯಬಾರದು.

ಒಂದು ಬ್ಯಾಟರಿ ಕೆಟ್ಟಿದೆಯೆಂದು ಎರಡು ವರ್ಷ ಓಡಿದ ಸೆಟ್ಟಿಗೆ ಒಂದೇ ಹೊಸದನ್ನು ಸೇರಿಸಿದರೆ ಹೊಸದೂ ಬೇಗ ಕೂರುತ್ತದೆ. ನಾಲ್ಕನ್ನೂ ಬದಲಿಸುವುದೇ ಕೊನೆಗೆ ಅಗ್ಗ.

ಚಾರ್ಜರಿನ ಬಗ್ಗೆ: ಶೆಡ್ಡಿನ ಕೊನೆಯ ಪಾಯಿಂಟಿನಿಂದ 40 ಮೀಟರ್ ತೆಳು ವಾಯರ್ ಎಳೆದು ಚಾರ್ಜಿಗೆ ಹಾಕಿದರೆ ಲೈಟ್ ಹತ್ತುತ್ತದೆ, ಆದರೆ ಚಾರ್ಜ್ ಪೂರ್ತಿಯಾಗುವುದಿಲ್ಲ. ಚಾರ್ಜರ್ ಓಡುತ್ತಿರುವಾಗಲೇ ಅದರ ಪ್ಲಗ್ಗಿನ ಬಳಿ ವೋಲ್ಟೇಜ್ ಅಳೆಯಿರಿ. 230ರ ಬದಲು 190 ಬರುತ್ತಿದ್ದರೆ ತಪ್ಪು ಚಾರ್ಜರಿನದಲ್ಲ. ಅರ್ಥಿಂಗ್ ಇರುವ ಮೂರು ಪಿನ್ನಿನ, 2.5 ಚದರ ಮಿಲಿಮೀಟರಿನ ಕೇಬಲ್ ಬಳಸಿ, ಆದಷ್ಟು ಗಿಡ್ಡದ್ದಿರಲಿ. ಚಾರ್ಜಾಗುವಾಗ ಬ್ಯಾಟರಿ ಟ್ರೇ ತೆರೆದಿಡಿ. ಹೊರಬರುವ ಹೈಡ್ರೋಜನ್‌ಗೆ ಒಂದು ಬೀಡಿಯ ಕಿಡಿಯೂ ಸಾಕು.

ಹಂತ 5: ಕರೆಂಟ್ ಬರುವ ದಾರಿ

ಬ್ಯಾಟರಿ ಸರಿಯಿದ್ದರೆ ಅಲ್ಲಿಂದ ಮುಂದಕ್ಕೆ ಒಂದೊಂದೇ ನಿಲ್ದಾಣದಲ್ಲಿ ಅಳೆಯುತ್ತ ಹೋಗಿ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ಸಿನಲ್ಲೇ ಇರಲಿ. ಕೆಂಪು ಕಡ್ಡಿಯನ್ನು ಬ್ಯಾಟರಿ ಪ್ಲಸ್, ಪ್ಲಗ್ಗಿನ ಆಚೆ ಬದಿ, ಫ್ಯೂಸಿನ ಈಚೆ ಮತ್ತು ಆಚೆ, ಕೀ ಸ್ವಿಚ್ಚಿನ ಈಚೆ ಮತ್ತು ಆಚೆ, ಕೆಂಪು ಬಟನ್ನಿನ ಈಚೆ ಮತ್ತು ಆಚೆ, ಕಾಂಟ್ಯಾಕ್ಟರಿನ ಕಾಯ್ಲು, ಈ ಕ್ರಮದಲ್ಲಿ ಇಡಿ. ವೋಲ್ಟೇಜ್ ಎಲ್ಲಿ ಮಾಯವಾಯಿತೋ ಫಾಲ್ಟ್ ಅಲ್ಲಿ ಮತ್ತು ಅದರ ಹಿಂದಿನ ನಿಲ್ದಾಣದ ನಡುವೆ ಇದೆ.

ಕೆಂಪು ಬಟನ್ ಎರಡು ಇರುತ್ತವೆ ಎಂಬುದನ್ನೇ ಮರೆಯುವವರಿದ್ದಾರೆ. ಕೆಳಗೊಂದು, ಮೇಲಿನ ಬಾಕ್ಸಿನಲ್ಲೊಂದು. ಎರಡನ್ನೂ ಹೊರಗೆಳೆದಿರಬೇಕು. ಬಟನ್ನಿನ ಹಿಂದಿನ ಕಾಂಟ್ಯಾಕ್ಟ್ ಬ್ಲಾಕ್ ಕಳಚಿ ಬಿದ್ದಿದ್ದರೆ ಬಟನ್ ಎಳೆದರೂ ಕರೆಂಟ್ ದಾಟದು. ಹಿಂಬದಿ ನೋಡಿದರೆ ಗೊತ್ತಾಗುತ್ತದೆ.

ಕಾಂಟ್ಯಾಕ್ಟರ್ "ಟಕ್" ಎಂದರೂ ಮೋಟರ್ ತಿರುಗದಿದ್ದರೆ ಅದರ ಎರಡು ದೊಡ್ಡ ಬೋಲ್ಟುಗಳ ನಡುವೆ, ಲಿಫ್ಟ್ ಬಟನ್ ಒತ್ತಿಸಿಕೊಂಡು, ವೋಲ್ಟೇಜ್ ನೋಡಿ. ಮುಚ್ಚಿದ ಕಾಂಟ್ಯಾಕ್ಟಿನ ಮೇಲೆ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ಬಂದರೆ ಒಳಗಿನ ತುದಿಗಳು ಸುಟ್ಟಿವೆ. ಉಪ್ಪುಕಾಗದದಿಂದ ಉಜ್ಜಿದರೆ ನಾಲ್ಕು ದಿನ ನಡೆಯುತ್ತದೆ, ಆಮೇಲೆ ಅಂಟಿಕೊಳ್ಳುತ್ತದೆ. ಬದಲಿಸಿ.

ಫ್ಯೂಸ್ ಹೋಗಿದ್ದರೆ ಅದೇ ರೇಟಿಂಗಿನದ್ದೇ ಹಾಕಿ. ಎರಡನೆಯ ಸಲವೂ ಹೋದರೆ ಮೂರನೆಯದನ್ನು ಹಾಕದೆ ಶಾರ್ಟ್ ಎಲ್ಲಿದೆಯೆಂದು ಹುಡುಕಿ. ಫ್ಯೂಸಿನ ಜಾಗದಲ್ಲಿ ಬೋಲ್ಟ್ ಅಥವಾ ತಾಮ್ರದ ತಂತಿ ಕಂಡರೆ ಆ ಯಂತ್ರದಲ್ಲಿ ಬೇರೆಲ್ಲೋ ಇನ್ನೊಂದು ಬೈಪಾಸ್ ಇದೆ ಎಂದೇ ಎಣಿಸಿ, ಪ್ರತಿ ಇಂಟರ್‌ಲಾಕನ್ನೂ (ಅಪಾಯವಿದ್ದಾಗ ಯಂತ್ರವನ್ನು ತಡೆಯುವ ಸ್ವಿಚ್, ಸೆನ್ಸರ್) ಮೊದಲಿನಿಂದ ಪರೀಕ್ಷಿಸಿ.

ಹಂತ 6: ಕೋಡನ್ನು ಓದುವುದು

ಕೀ ಹಾಕಿದಾಗ ಪರದೆಯ ಮೇಲೆ ಬಂದದ್ದನ್ನು ಫೋಟೋ ತೆಗೆದುಕೊಳ್ಳಿ. ಆಮೇಲೆ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಮತ್ತೆ ಆನ್ ಮಾಡಿ. ಎರಡನೆಯ ಸಲವೂ ಅದೇ ಬಂದರೆ ನಂಬಿ. ಜಿನೀ ಕಂಪನಿಯ ಜಿಎಸ್ ಮಾದರಿಗಳಲ್ಲಿ ಎಲ್‌ಎಲ್ ಎಂದರೆ ಯಂತ್ರ ವಾಲಿದೆ, ಒಎಲ್ ಎಂದರೆ ಭಾರ ಹೆಚ್ಚಾಗಿದೆ. ಇವೆರಡೂ ಕೆಟ್ಟ ಭಾಗದ ಹೆಸರುಗಳಲ್ಲ, ಯಂತ್ರ ಕಂಡ ಸ್ಥಿತಿಯ ಹೆಸರುಗಳು. ಮೊದಲು ನೆಲ ನೋಡಿ, ಭಾರ ತೂಗಿ. ಸೆನ್ಸರಿನ ಸರದಿ ಆಮೇಲೆ.

ಆಪರೇಟರ್ ಜಾಯ್‌ಸ್ಟಿಕ್ ಹಿಡಿದುಕೊಂಡೇ ಕೀ ತಿರುಗಿಸಿದರೂ, ಅಥವಾ ಟ್ರಿಗರ್ ಒತ್ತುವ ಮೊದಲೇ ಕೋಲು ವಾಲಿಸಿದರೂ ಫಾಲ್ಟ್ ಬರುತ್ತದೆ. ಕೈ ಬಿಟ್ಟು, ಕೀ ಆಫ್ ಮಾಡಿ ಮತ್ತೆ ಹಾಕಿದರೆ ಅದು ಹೋಗುತ್ತದೆ. ಹೊಸ ಆಪರೇಟರ್ ಬಂದ ವಾರದಲ್ಲಿ ಈ ದೂರು ಹೆಚ್ಚು.

ಹಂತ 7: ಇಂಟರ್‌ಲಾಕುಗಳು, ಒಂದೊಂದಾಗಿ

ಕೆಳ ಲಿಮಿಟ್ ಸ್ವಿಚ್. ಪ್ಲಾಟ್‌ಫಾರ್ಮ್ ಪೂರ್ತಿ ಇಳಿದಿದೆಯೇ ಎಂದು ಹೇಳುವುದು ಇದರ ಕೆಲಸ. "ಮೇಲಿದ್ದೇನೆ" ಎನ್ನುತ್ತ ಅಂಟಿಕೊಂಡರೆ ಯಂತ್ರ ನಿಧಾನ ಓಡುತ್ತದೆ, ದೂರು ಬರುತ್ತದೆ, ನೀವು ಸರಿಮಾಡುತ್ತೀರಿ. "ಕೆಳಗಿದ್ದೇನೆ" ಎನ್ನುತ್ತ ಅಂಟಿಕೊಂಡರೆ ಯಾರೂ ದೂರುವುದಿಲ್ಲ, ಏಕೆಂದರೆ ಯಂತ್ರ ಮೇಲಿದ್ದಾಗಲೂ ಜೋರಾಗಿ ಓಡುತ್ತದೆ. ಜೀವ ತೆಗೆಯುವುದು ಈ ಎರಡನೆಯದು. ಪರೀಕ್ಷೆ ಸುಲಭ: ಮಟ್ಟಸ ನೆಲದ ಮೇಲೆ 10 ಮೀಟರ್ ಅಂತರದಲ್ಲಿ ಎರಡು ಸೀಮೆಸುಣ್ಣದ ಗೆರೆ ಎಳೆಯಿರಿ. ಪ್ಲಾಟ್‌ಫಾರ್ಮನ್ನು ಸುಮಾರು 1.2 ಮೀಟರ್ ಎತ್ತಿ ಗೆರೆಯಿಂದ ಗೆರೆಗೆ ಓಡಿಸಿ. ಮೇಲೆದ್ದಾಗಿನ ವೇಗ ಸಾಮಾನ್ಯವಾಗಿ ತಾಸಿಗೆ 0.8 ಕಿಲೋಮೀಟರ್, ಎಂದರೆ 10 ಮೀಟರಿಗೆ ಸುಮಾರು 45 ಸೆಕೆಂಡ್. 12 ಸೆಕೆಂಡಿನಲ್ಲಿ ಮುಟ್ಟಿದರೆ ಅಲ್ಲಿಯೇ ಇಳಿಸಿ, ಕೀ ತೆಗೆಯಿರಿ.

ಪಾಟ್‌ಹೋಲ್ ಗಾರ್ಡ್. ಪ್ಲಾಟ್‌ಫಾರ್ಮ್ ಏಳುತ್ತಿದ್ದಂತೆ ಚಾಸಿಯ ಎರಡೂ ಬದಿಯ ಕಬ್ಬಿಣದ ಪಟ್ಟಿಗಳು ನೆಲದ ಹತ್ತಿರಕ್ಕೆ ಇಳಿಯುತ್ತವೆ. ಗಾಲಿ ಕುಣಿಗೆ ಬಿದ್ದರೂ ಯಂತ್ರ ಪಟ್ಟಿಯ ಮೇಲೆ ಕೂರುತ್ತದೆ, ಉರುಳುವುದಿಲ್ಲ. ಎರಡೂ ಪಟ್ಟಿ ಪೂರ್ತಿ ಇಳಿದವೆಂದು ಸ್ವಿಚ್ಚುಗಳು ಸಾಕ್ಷಿ ಹೇಳಿದರೆ ಮಾತ್ರ ಯಂತ್ರ ಮುಂದಕ್ಕೆ ಏರುತ್ತದೆ.

ನಮ್ಮ ಭಾಗದಲ್ಲಿ ಅತಿ ಹೆಚ್ಚು ಕೈಕೊಡುವುದು ಇದೇ, ಕಾರಣ ಎರಿಮಣ್ಣು. ಮಳೆಗಾಲದಲ್ಲಿ ಶೆಡ್ಡಿನಿಂದ ಶೆಡ್ಡಿಗೆ ಯಂತ್ರ ಸಾಗಿಸುವಾಗ ಗಾಲಿಗೆ ಹತ್ತಿದ ಮಣ್ಣು ಲಿಂಕೇಜಿನ ಸಂದಿಗೆ ಸೇರುತ್ತದೆ, ಎರಡು ದಿನಕ್ಕೆ ಒಣಗಿ ಇಟ್ಟಂಗಿಯಾಗುತ್ತದೆ. ಪಟ್ಟಿ ಮುಕ್ಕಾಲು ಇಳಿದು ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಇಳಿದಂತೆಯೇ ಕಾಣುತ್ತದೆ, ಆದರೆ ಸ್ವಿಚ್ಚಿನ ರೋಲರ್ ತನ್ನ ಗುಂಡಿಗೆ ಇನ್ನೂ ಬಿದ್ದಿರುವುದಿಲ್ಲ. ಬೆರಳಿನ ಉಗುರಿನಷ್ಟು ಅಂತರ, ಅಷ್ಟೇ. ಇಲ್ಲಿ ಸ್ವಿಚ್ ಬದಲಿಸಿದರೆ ಹಣ ಹೋಗುತ್ತದೆ, ಫಾಲ್ಟ್ ಉಳಿಯುತ್ತದೆ. ಜಂಪರ್ ಹಾಕಿದರೆ ಫಾಲ್ಟ್ ಹೋಗುತ್ತದೆ, ಆಸರೆಯೂ ಹೋಗುತ್ತದೆ. ಸೇಫ್ಟಿ ಆರ್ಮ್ ಹಾಕಿ, ಕಟ್ಟಿಗೆಯ ಚೂಪಿನಿಂದ ಮಣ್ಣು ಕೆರೆಯಿರಿ. ಬೈಂಡಿಂಗ್ ವಾಯರಿನ ತುಂಡು, ಸಿಮೆಂಟ್ ಹಳಕು ಸಿಕ್ಕಿವೆಯೇ ನೋಡಿ, ಸ್ಪ್ರಿಂಗ್ ತುಂಡಾಗಿದೆಯೇ, ಫೋರ್ಕ್‌ಲಿಫ್ಟ್ ತಾಗಿ ಪಟ್ಟಿ ಬಾಗಿದೆಯೇ ನೋಡಿ. ಪ್ರೆಷರ್ ವಾಷರಿನ ನೀರನ್ನು ಸ್ವಿಚ್ಚಿಗೆ ನೇರ ಹೊಡೆಯಬೇಡಿ.

ಪರೀಕ್ಷೆ: ಪ್ಲಾಟ್‌ಫಾರ್ಮ್ ಇಳಿದಿರುವಾಗ ಒಂದು ಬದಿಯ ಗಾರ್ಡಿನ ಕೆಳಗೆ 50 ಮಿಲಿಮೀಟರ್ ಹಲಗೆಯಿಡಿ. ಮೇಲಿನ ಕಂಟ್ರೋಲ್ ಬಾಕ್ಸನ್ನು ಕೊಕ್ಕೆಯಿಂದ ತೆಗೆದು ಕೈಯಲ್ಲಿ ಹಿಡಿದು, ನೆಲದ ಮೇಲೆ ದೂರ ನಿಂತು ಏರಿಸಿ. ಗಾರ್ಡ್ ಹಲಗೆಗೆ ತಾಗಿ ನಿಲ್ಲಬೇಕು, ಸುಮಾರು 2 ಮೀಟರಿನಲ್ಲಿ ಏರಿಕೆ ನಿಂತು ಅಲಾರಂ ಬರಬೇಕು, ಓಡಿಸಿದರೂ ಓಡಬಾರದು. ಇನ್ನೊಂದು ಬದಿಗೂ ಹೀಗೆಯೇ ಮಾಡಿ.

ಟಿಲ್ಟ್ ಸೆನ್ಸರ್. ಹಲವು ಯಂತ್ರಗಳಲ್ಲಿ ಮಿತಿ ಅಡ್ಡಕ್ಕೆ 1.5 ಡಿಗ್ರಿ, ಉದ್ದಕ್ಕೆ 3 ಡಿಗ್ರಿ. ಕಣ್ಣಿಗೆ ಇದು ಕಾಣುವುದಿಲ್ಲ. ಲೋಡಿಂಗ್ ಕಟ್ಟೆಯ ಬಳಿ, ಮೋರಿಯ ಕಡೆ ನೀರಿಳಿಯಲೆಂದು ಕೊಟ್ಟ ಇಳಿಜಾರೇ ಕೆಲವೊಮ್ಮೆ ಅದನ್ನು ಮೀರುತ್ತದೆ. ಸ್ಪಿರಿಟ್ ಲೆವೆಲ್ಲನ್ನು ಚಾಸಿಯ ಮೇಲೆ ಅಡ್ಡ ಇಟ್ಟು, ಗುಳ್ಳೆ ನಡುವೆ ಬರುವವರೆಗೆ ತಗ್ಗಿನ ತುದಿಯನ್ನು ಎತ್ತಿ, ಆ ಸಂದನ್ನು ಸ್ಕೇಲಿನಿಂದ ಅಳೆಯಿರಿ. 60 ಸೆಂಟಿಮೀಟರ್ ಲೆವೆಲ್ಲಿಗೆ 16 ಮಿಲಿಮೀಟರ್ ಬಂದರೆ 1.5 ಡಿಗ್ರಿ, 31 ಬಂದರೆ 3 ಡಿಗ್ರಿ. ಅಷ್ಟು ಬಂದರೆ ಸೆನ್ಸರ್ ತನ್ನ ಕೆಲಸ ಮಾಡಿದೆ, ಜಾಗ ಬದಲಿಸಿ.

ಮಟ್ಟಸ ನೆಲದಲ್ಲೂ ಅಲಾರಂ ಬಂದರೆ ಸೆನ್ಸರ್ ಕೂತ ಬ್ರ್ಯಾಕೆಟ್ಟಿನ ಬೋಲ್ಟ್ ಸಡಿಲಾಗಿದೆಯೇ, ಕಾರ್ಡ್ ಬದಲಿಸಿದ ಮೇಲೆ ಲೆವೆಲ್ ಹೊಂದಿಸುವುದನ್ನು ಬಿಟ್ಟಿದ್ದಾರೆಯೇ ನೋಡಿ. ಸೆನ್ಸರಿನ ಕೆಳಗೆ ವಾಷರ್ ತುರುಕಿ ಅಲಾರಂ ನಿಲ್ಲಿಸಿದ್ದು ಕಂಡರೆ ಯಂತ್ರವನ್ನು ಕೆಲಸದಿಂದ ತೆಗೆಯಿರಿ. ಒಂದು ಕಡೆ ನಿಂತ ಅಲಾರಂ ಇನ್ನೊಂದು ಕಡೆ ಯಂತ್ರ ಉರುಳುವವರೆಗೂ ಬಾಯಿ ತೆರೆಯುವುದಿಲ್ಲ.

ಪರೀಕ್ಷೆಗೆ ಹಲಗೆಯ ದಪ್ಪ ಲೆಕ್ಕ ಹಾಕಬೇಕು. ಎಡ ಮತ್ತು ಬಲ ಗಾಲಿಗಳ ನಡುಮಧ್ಯದ ಅಂತರವನ್ನು 0.026ರಿಂದ ಗುಣಿಸಿ. 700 ಮಿಲಿಮೀಟರ್ ಇದ್ದರೆ 18 ಬರುತ್ತದೆ, ಅದಕ್ಕಿಂತ ತುಸು ದಪ್ಪದ 25ರ ಹಲಗೆ ಸರಿ. ಮುಂದಿನ ಮತ್ತು ಹಿಂದಿನ ಗಾಲಿಗಳ ಅಂತರವನ್ನು 0.052ರಿಂದ ಗುಣಿಸಿ. 1,300 ಇದ್ದರೆ 68, ಹಾಗಾಗಿ 75ರ ಹಲಗೆ. ಪ್ಲಾಟ್‌ಫಾರ್ಮ್ ಇಳಿಸಿಕೊಂಡೇ ಒಂದು ಬದಿಯ ಎರಡು ಗಾಲಿಗಳನ್ನು ಹಲಗೆಯ ಮೇಲೆ ಹತ್ತಿಸಿ. ಬಾಕ್ಸ್ ಕೈಯಲ್ಲಿ ಹಿಡಿದು ಎತ್ತರದ ಬದಿಗೆ, ಯಂತ್ರದಿಂದ ದೂರ ನಿಂತು ಏರಿಸಿ. ತಗ್ಗಿನ ಕಡೆ ಯಾರೂ ನಿಲ್ಲಬಾರದು. ಸುಮಾರು 2 ಮೀಟರಿನೊಳಗೆ ಅಲಾರಂ ಬಂದು ನಿಲ್ಲಬೇಕು. ದಾಟಿ ಏರಿದರೆ ತಕ್ಷಣ ಇಳಿಸಿ.

ಓವರ್‌ಲೋಡ್. ಜಿನೀ ಜಿಎಸ್-1930 ಯಂತ್ರದ ಮಿತಿ 227 ಕಿಲೋ. ಇಬ್ಬರು ಆಳುಗಳಿಗೆ 150, ಡ್ರಿಲ್ ಮತ್ತು ಪಾನಾ ಚೀಲಕ್ಕೆ 20 ಹಿಡಿಯಿರಿ, ಉಳಿದದ್ದು 57. ಫೈರ್ ಲೈನಿನ 100 ಮಿಲಿಮೀಟರ್ ಮೀಡಿಯಂ ಕ್ಲಾಸ್ ಪೈಪ್ 6 ಮೀಟರಿಗೆ 70 ಕಿಲೋ ದಾಟುತ್ತದೆ. ಒಂದೇ ಪೈಪ್ ಹೇರಿದರೂ ಮಿತಿ ಮೀರಿತು. ಮುಂದಕ್ಕೆ ಚಾಚುವ ಡೆಕ್ಕಿನ ಮಿತಿ ಇನ್ನೂ ಕಡಿಮೆ, ಅದರ ಅಂಕಿ ಫಲಕದ ಮೇಲೆ ಬೇರೆ ಇರುತ್ತದೆ. ಖಾಲಿಯಿದ್ದಾಗಲೂ ಓವರ್‌ಲೋಡ್ ತೋರಿದರೆ ಪ್ಲಾಟ್‌ಫಾರ್ಮ್ ಎಲ್ಲಾದರೂ ತಾಗಿದೆಯೇ, ಕತ್ತರಿಯ ಪಿನ್ನುಗಳು ಬಿಗಿದಿವೆಯೇ, ಸಿಲಿಂಡರಿನ ಪ್ರೆಷರ್ ಸೆನ್ಸರಿನ ಪ್ಲಗ್ಗಿಗೆ ಎಣ್ಣೆ ಇಳಿದಿದೆಯೇ ನೋಡಿ. ಕ್ಯಾಲಿಬ್ರೇಷನ್ ತೂಕವಿಲ್ಲದೆ ಸೆಟ್ಟಿಂಗ್ ಮುಟ್ಟಬೇಡಿ.

ಚಾರ್ಜರ್ ಇಂಟರ್‌ಲಾಕ್. ಪ್ಲಗ್ ಚುಚ್ಚಿದ್ದಾಗ ಯಂತ್ರ ಓಡಬಾರದು. ಪ್ಲಗ್ ಕಿತ್ತ ಮೇಲೂ ಓಡದಿದ್ದರೆ ಚಾರ್ಜರಿನ ರಿಲೇ ಅಂಟಿರಬಹುದು.

ಟ್ರಿಗರ್ ಮತ್ತು ಗೇಟು. ಟ್ರಿಗರಿಗೆ ಟೇಪ್ ಸುತ್ತಿದ್ದರೆ, ಗೇಟನ್ನು ತಂತಿಯಿಂದ ತೆರೆದು ಕಟ್ಟಿದ್ದರೆ ಮೊದಲು ಬಿಚ್ಚಿಸಿ, ಮಾತು ಆಮೇಲೆ.

ಇನ್ನೆರಡು ಅಪಾಯಗಳಿಗೆ ಇಂಟರ್‌ಲಾಕೇ ಇಲ್ಲ: ಗಾಳಿ ಮತ್ತು ಮೇಲಿನ ವಿದ್ಯುತ್ ತಂತಿ. ಹೊರಗೆ ಬಳಸಬಹುದಾದ ಯಂತ್ರಗಳ ಮಿತಿ ಸೆಕೆಂಡಿಗೆ 12.5 ಮೀಟರ್, ಎಂದರೆ ತಾಸಿಗೆ 45 ಕಿಲೋಮೀಟರ್. ಫಲಕದ ಮೇಲೆ 0 ಎಂದಿದ್ದರೆ ಅದು ಒಳಗಷ್ಟೇ ಬಳಸಬೇಕಾದದ್ದು. ಗದಗಿನ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಆಷಾಢದಲ್ಲಿ ಗೋದಾಮಿನ ಎರಡೂ ಕಡೆಯ ದೊಡ್ಡ ಬಾಗಿಲು ತೆರೆದರೆ ಒಳಗೂ ಗಾಳಿ ಹೊಡೆಯುತ್ತದೆ. ಒಂದು ಬದಿಯದನ್ನು ಮುಚ್ಚಿಸಿ.

ಹಂತ 8: ಬಂದು ಹೋಗುವ ಫಾಲ್ಟು

ಒಮ್ಮೆ ನಡೆದು ಒಮ್ಮೆ ನಿಲ್ಲುವ ಯಂತ್ರ ಮೆಕ್ಯಾನಿಕ್ಕಿನ ತಾಳ್ಮೆ ತಿನ್ನುತ್ತದೆ. ನಿಂತಾಗಲೆಲ್ಲ ಎತ್ತರ ಗುರುತು ಮಾಡಿ: ಪಕ್ಕದ ಕಂಬದ ಮೇಲೆ ಸೀಮೆಸುಣ್ಣದ ಗೀಟು ಸಾಕು. ಮೂರು ಸಲವೂ ಗೀಟು ಒಂದೇ ಕಡೆ ಬಂದರೆ ಕತ್ತರಿಯ ಉದ್ದಕ್ಕೂ ಹೋಗುವ ಕೇಬಲ್ ಆ ಎತ್ತರದಲ್ಲಿ ಮಡಚುವ ಕಡೆ ಒಳಗೇ ತುಂಡಾಗಿದೆ. ಹೊರಗಿನ ತೊಗಲು ನೆಟ್ಟಗೇ ಇರುತ್ತದೆ. ಸೇಫ್ಟಿ ಆರ್ಮ್ ಹಾಕಿ, ಪ್ಲಗ್ ಕಳಚಿ, ಎರಡೂ ತುದಿಗೆ ಮೀಟರ್ ಕಟ್ಟಿ, ಕೇಬಲನ್ನು ಗೇಣು ಗೇಣಾಗಿ ಬಾಗಿಸುತ್ತ ಹೋಗಿ. ಬೀಪ್ ನಿಂತ ಜಾಗವೇ ಅದು. ನಡುವೆ ಜೋಡಿಸಿ ಟೇಪ್ ಸುತ್ತಿದರೆ ಅದೇ ಮಡಚು ಅದನ್ನೂ ಕಡಿಯುತ್ತದೆ. ಕೇಬಲ್ ಪೂರ್ತಿ ಬದಲಿಸಿ.

ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜುಗಳಲ್ಲಿ ಕಾರಣ ಬೇರೆ. ತಂಪಿನಿಂದ ಬಿಸಿಲಿಗೆ ಬಂದ ಯಂತ್ರದ ಕನೆಕ್ಟರುಗಳಲ್ಲಿ ಬೆವರು ಕೂರುತ್ತದೆ, ಅದಕ್ಕೆ ಮೆಣಸಿನ ಸಣ್ಣ ಪುಡಿ ಮೆತ್ತಿಕೊಳ್ಳುತ್ತದೆ. ಕನೆಕ್ಟರ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಅಗಲವಾದ ಪಿನ್ನುಗಳಿದ್ದರೆ ಬದಲಿಸಿ. ಕನ್ನಡಕ ಹಾಕಿಕೊಂಡೇ ಬಿಚ್ಚಿ.

ವೆಲ್ಡಿಂಗ್ ಬಗ್ಗೆಯೂ ಇಲ್ಲೇ ಹೇಳಬೇಕು. ಪ್ಲಾಟ್‌ಫಾರ್ಮಿನ ಮೇಲೆ ನಿಂತು ಟ್ರಸ್ ವೆಲ್ಡ್ ಮಾಡುವಾಗ ಅರ್ಥ್ ಕ್ಲ್ಯಾಂಪನ್ನು ರೇಲಿಂಗಿಗೆ ಕಚ್ಚಿಸಿದರೆ ಕರೆಂಟ್ ಯಂತ್ರದ ಮೈಯ ಮೂಲಕವೇ ಹರಿಯುತ್ತದೆ. ಕಾರ್ಡ್ ಸುಡುತ್ತದೆ, ಪಿನ್ನಿನ ಬುಷ್ ಕೆಡುತ್ತದೆ. ಕ್ಲ್ಯಾಂಪ್ ವೆಲ್ಡ್ ಮಾಡುವ ಕಬ್ಬಿಣಕ್ಕೇ ಇರಲಿ.

ಹಂತ 9: ಕಾಯ್ಲು, ಎಣ್ಣೆ, ಬ್ರೇಕು

ಮೋಟರ್ ತಿರುಗಿಯೂ ಪ್ಲಾಟ್‌ಫಾರ್ಮ್ ಏಳದಿದ್ದರೆ, ಪೂರ್ತಿ ಇಳಿಸಿದ ಸ್ಥಿತಿಯಲ್ಲಿ ಎಣ್ಣೆಯ ಮಟ್ಟ ನೋಡಿ. ಏರಿದ ಸ್ಥಿತಿಯಲ್ಲಿ ಎಣ್ಣೆ ಸಿಲಿಂಡರಿನೊಳಗಿರುತ್ತದೆ, ಆಗ ನೋಡಿ ತುಂಬಿದರೆ ಇಳಿಸುವಾಗ ಉಕ್ಕಿ ಹೊರಬರುತ್ತದೆ. ವಾಲ್ವಿನ ಕಾಯ್ಲಿಗೆ ಪ್ಲಗ್ ಕಳಚಿ ರೆಸಿಸ್ಟೆನ್ಸ್ ಅಳೆಯಿರಿ. 24 ವೋಲ್ಟ್, 20 ವಾಟಿನ ಕಾಯ್ಲು ಸುಮಾರು 29 ಓಮ್ ತೋರಿಸಬೇಕು: 24ರ ವರ್ಗವನ್ನು ವಾಟಿನಿಂದ ಭಾಗಿಸಿದರೆ ಬರುವ ಅಂಕಿ ಅದು. ಮೀಟರಿನಲ್ಲಿ ಅಂಕಿಯೇ ಬರದಿದ್ದರೆ ತುಂಡಾಗಿದೆ, ಸೊನ್ನೆಯ ಹತ್ತಿರವಿದ್ದರೆ ಶಾರ್ಟ್ ಆಗಿದೆ. ಕಾಯ್ಲು ಸರಿಯಿದ್ದೂ ಪ್ಲಾಟ್‌ಫಾರ್ಮ್ ತಾನಾಗಿ ಮೆಲ್ಲಗೆ ಕುಸಿಯುತ್ತಿದ್ದರೆ ವಾಲ್ವಿನ ಸೀಟಿನಲ್ಲಿ ಕಸ ಕೂತಿದೆ. ಆ ಯಂತ್ರದ ಮೇಲೆ ಯಾರನ್ನೂ ಹತ್ತಿಸಬೇಡಿ.

ರಿಲೀಫ್ ವಾಲ್ವನ್ನು (ಎಣ್ಣೆಯ ಒತ್ತಡ ಮಿತಿ ಮೀರದಂತೆ ತಡೆಯುವುದು) ಬಿಗಿ ಮಾಡಿ ಶಕ್ತಿ ಹೆಚ್ಚಿಸುವ ಯತ್ನ ಬೇಡ. ಅದು ಓವರ್‌ಲೋಡಿನ ಕೊನೆಯ ತಡೆ.

ಯಂತ್ರವನ್ನು ತಳ್ಳಲೆಂದು ಬ್ರೇಕ್ ಬಿಡಿಸಿದ್ದರೆ ಬ್ರೇಕ್ ತಾನಾಗಿ ಹಿಡಿಯುತ್ತದೆಂದು ನಂಬಬೇಡಿ. ಬಿಡಿಸುವ ಮುನ್ನ ಗಾಲಿಗೆ ಅಡ್ಡಿ, ಮುಗಿದ ಮೇಲೆ ಕೈಪಿಡಿಯಂತೆ ಮತ್ತೆ ಹಿಡಿಸಿ. ಅಡ್ಡಿ ತೆಗೆದು, ಇಳಿಸಿದ ಸ್ಥಿತಿಯಲ್ಲಿ ನಾಲ್ಕು ಹೆಜ್ಜೆ ಓಡಿಸಿ, ಜಾಯ್‌ಸ್ಟಿಕ್ ಬಿಟ್ಟು ಗಾಲಿ ಕಚ್ಚಿ ನಿಲ್ಲುತ್ತದೆಯೇ ನೋಡಿ.

ಹಂತ 10: ಮತ್ತೆ ಕೆಲಸಕ್ಕೆ ಬಿಡುವ ಮುನ್ನ

ಯಾವ ಭಾಗ ರಿಪೇರಿ ಮಾಡಿದ್ದರೂ ಪರೀಕ್ಷೆ ಪೂರ್ತಿ ಮಾಡಿ, ಖಾಲಿ ಪ್ಲಾಟ್‌ಫಾರ್ಮಿನಿಂದ ಶುರುಮಾಡಿ: ಎರಡೂ ಕೆಂಪು ಬಟನ್, ಟ್ರಿಗರ್ ಬಿಟ್ಟಾಗ ನಿಲ್ಲುವುದು, ತುರ್ತು ಇಳಿಕೆ, ಎರಡೂ ಬದಿಯ ಪಾಟ್‌ಹೋಲ್ ಗಾರ್ಡ್, ಎರಡೂ ದಿಕ್ಕಿನ ಟಿಲ್ಟ್, 10 ಮೀಟರಿನ ವೇಗ, ಬ್ರೇಕು, ಹಾರನ್ನು.

ಪತ್ತೆಗಾಗಿ ಯಾವುದಾದರೂ ಸ್ವಿಚ್ಚಿಗೆ ನೀವೇ ಒಂದು ಕ್ಷಣ ಜಂಪರ್ ಹಾಕಿದ್ದರೆ ಅದಕ್ಕೆ ಕೆಂಪು, ಗೇಣುದ್ದದ ವಾಯರನ್ನೇ ಬಳಸಿ. ಆ ವಾಯರುಗಳನ್ನು ಎಣಿಸಿ ತಂದಿರಿ, ಟ್ರೇ ಮುಚ್ಚುವ ಮೊದಲು ಎಣಿಸಿ ಚೀಲಕ್ಕೆ ಹಾಕಿಕೊಳ್ಳಿ. ಆಮೇಲೆ ಯಂತ್ರದ ಪುಸ್ತಕದಲ್ಲಿ ದಿನಾಂಕ, ಬಂದಿದ್ದ ಕೋಡು, ಅಳೆದ ವೋಲ್ಟೇಜ್, ಬದಲಿಸಿದ ಭಾಗ, ಮಾಡಿದ ಪರೀಕ್ಷೆಗಳನ್ನು ಬರೆದು, ಆಪರೇಟರಿಗೆ ಓದಿ ಹೇಳಿ, ಅವರ ಕೈಯಲ್ಲೂ ಸಹಿ ಮಾಡಿಸಿ ಕೀ ಕೊಡಿ.